ಆ ಏಳನೇ ಸಲಹೆ ಓದಲೇಬೇಕಿತ್ತಾ?

ಅವರ ಕಾರು ಈಗ ಜೇವರ್ಗಿ ಹತ್ತಿರ ಭೀಮಾ ದಾಟಿರಬೇಕು. ನಾನು ಮಾತ್ರ ಇನ್ನೂ ನಿನ್ನೆ ರಾತ್ರಿಯ ಊಟದಲ್ಲೇ ಕೂತಿದ್ದೇನೆ. ಮೊದಲ ಆರಕ್ಕೆ ನನ್ನ ತಕರಾರಿಲ್ಲ. ಇದೆ, ಆದರೂ ಬಿಡಿ. ಆ ಏಳನೆಯದನ್ನು ನನ್ನದೇ ಮನೆಯಲ್ಲಿ, ಅತ್ತೆಯವರ ಮುಂದೆ, ನಮ್ಮದೇ ಜೋಳದ ರೊಟ್ಟಿ ಮುರಿಯುತ್ತಾ ಓದಬೇಕಿತ್ತಾ?

ಅವರು ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಬೆಂಗಳೂರಿನವರು. ಏಪ್ರಿಲ್‌ನಲ್ಲಿ ಬರಬೇಡಿ, ನಮ್ಮ ಕಲಬುರಗಿ ಬಿಸಿಲು ನಿಮಗೆ ಆಗೋದಿಲ್ಲ ಅಂತ ಎರಡು ಸಲ ಫೋನ್ ಮಾಡಿ ಹೇಳಿದ್ದೆ. ಬಂದರು. ಮೂರು ದಿನ ನಾನು ರಜೆ ಹಾಕಿ ಅವರ ಕಾರಿನ ಮುಂದಿನ ಸೀಟಿನಲ್ಲಿ ಕೂತು ದಾರಿ ತೋರಿಸಿದೆ. ಪಾಪ, ಹಿಂದೆ ಕೂತು ಮೊಬೈಲಿನಲ್ಲಿ ಆಫೀಸಿನ ಕೆಲಸ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ. ಬರೆಯುತ್ತಿದ್ದದ್ದು ಪಟ್ಟಿ! ಅದಕ್ಕೊಂದು ಹೆಸರು ಬೇರೆ, 'ಕೆಲವು ಪ್ರೀತಿಯ ಸಲಹೆಗಳು'. ಪ್ರೀತಿಯ ಅಂತೆ.

ಒಂದನೆಯದು, ಕಲಬುರಗಿ ಊರಿಗೆಲ್ಲ ಒಂದೇ ಚಾವಣಿ ಹಾಕಿಸಬೇಕು. ಎಲ್ಲರೂ ನಕ್ಕರು. ನನಗೆ ಉತ್ತರ ಹೊಳೆದಿದ್ದು ರಾತ್ರಿ ಎರಡು ಗಂಟೆಗೆ, ಫ್ಯಾನ್ ನೋಡುತ್ತಾ ಮಲಗಿದ್ದಾಗ. ಅಲ್ಲ ಸ್ವಾಮಿ, ನಮ್ಮ ಕೋಟೆಯೊಳಗಿನ ಜಾಮಿ ಮಸೀದಿಗೆ 1367ರಲ್ಲೇ ಪೂರ್ತಿ ಚಾವಣಿ ಹಾಕಿದ್ದಾರೆ. ಬೇರೆ ಕಡೆ ಇರುವ ಹಾಗೆ ತೆರೆದ ಅಂಗಳವೇ ಇಲ್ಲ. ನೀವೇ ಅದರ ಕಮಾನುಗಳ ಕೆಳಗೆ ನಿಂತು 'ಆಹಾ, ಎಷ್ಟು ತಂಪು' ಅಂದಿರಿ. ನಿಮ್ಮ ಸಲಹೆ ಆರುನೂರೈವತ್ತು ವರ್ಷ ತಡವಾಯಿತು! ಇದನ್ನು ಆಗಲೇ ಹೇಳಿದ್ದರೆ ಏಳನೆಯದು ಬರುತ್ತಲೇ ಇರಲಿಲ್ಲ. ರಾತ್ರಿ ಎರಡಕ್ಕೆ ಹೊಳೆದರೆ ಯಾರಿಗೆ ಹೇಳೋದು? ಹೆಂಡತಿಯನ್ನು ಎಬ್ಬಿಸಿ ಹೇಳಿದೆ. 'ಮಲಗ್ರಿ ಸುಮ್ನೆ' ಅಂದಳು.

ಮಳಖೇಡಕ್ಕೆ ಏನು ಬರೆದಿದ್ದರು ಗೊತ್ತಾ? 'ಕೋಟೆ ಹುಡುಕುವವರಿಗೆ ಬಹುಮಾನ ಇಡಿ.' ಅಮೋಘವರ್ಷ ನೃಪತುಂಗನ ರಾಜಧಾನಿ ಅದು. ಕಾಗಿಣಾ ದಂಡೆಯಲ್ಲಿ ನಿಂತು ರಾಷ್ಟ್ರಕೂಟರ ಬಗ್ಗೆ ನಾನು ಭಾಷಣ ಮಾಡುತ್ತಿದ್ದರೆ ಅವರು ಎಳನೀರು ಎಲ್ಲಿ ಸಿಗುತ್ತೆ ಅಂತ ಕೇಳುತ್ತಿದ್ದರು. ಆದರೆ ದಾರಿ ತಪ್ಪಿದ್ದು ನಿಜ. ತಪ್ಪಿಸಿದ್ದು ನಾನೇ. ಇಲ್ಲಿಂದ ನಲವತ್ತೇ ಕಿಲೋಮೀಟರ್, ಸೇಡಂಗೆ ಹೋಗುವಾಗೆಲ್ಲ ಆ ಕಡೆಯೇ ಹೋಗಿದ್ದೇನೆ, ಒಂದು ಸಲವೂ ಇಳಿದಿರಲಿಲ್ಲ.

ಬೀದರಿನ ಬಿದ್ರಿ ಸಾಮಾನಿಗೆ ಬೇರೆ ಬಣ್ಣ ಬೇಕಂತೆ. ಕಪ್ಪು ಬೋರ್ ಆಗುತ್ತಂತೆ. ಸತು, ತಾಮ್ರ ಸೇರಿಸಿದ ಎರಕ, ಅದರಲ್ಲಿ ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣು, ನವಸಾಗರ ಹಾಕಿದ ನೀರಲ್ಲಿ ಅದ್ದಿದರೆ ಲೋಹ ಕಪ್ಪಾಗುತ್ತೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತೆ. ಅದರ ಅಂದ ಇರುವುದೇ ಆ ಕಪ್ಪಲ್ಲಿ. ಬೋರ್ ಅನ್ನೋ ಮಾತನ್ನು ಅಂಗಡಿಯಲ್ಲೇ ಆಡಿಬಿಟ್ಟರು. ನನಗೆ ನಾಚಿಕೆಯಿಂದ ನೆಲ ನೋಡುವ ಹಾಗಾಯಿತು. ಕೆತ್ತುತ್ತಾ ಕೂತಿದ್ದ ಹಿರಿಯರು ಮುಖ ಕೂಡ ಎತ್ತಲಿಲ್ಲ. 'ಮಾಡೋಣ್ರಿ' ಅಂದರು, ಉಳಿ ನಿಲ್ಲಲಿಲ್ಲ. ಆ ಮನುಷ್ಯನ ಕಾಲುಭಾಗ ಸಮಾಧಾನ ನನಗಿದ್ದರೆ ಇದನ್ನೆಲ್ಲ ಬರೆಯುತ್ತಾ ಕೂರುತ್ತಿರಲಿಲ್ಲ.

ಸರಿ, ಏಳನೆಯದು. ಅದಕ್ಕೆ ಮೊದಲು ಬೀದರಿನ ಗಾವಾನ್ ಮದರಸಾ ಮುಂದೆ ಏನಾಯಿತು ಅಂತ ಹೇಳಬೇಕು. ಹೇಳೋಕೆ ಮನಸ್ಸಿಲ್ಲ. 1472ರ ಕಟ್ಟಡ, ಬಹಮನಿ ಮಂತ್ರಿ ಮಹಮೂದ್ ಗಾವಾನ್ ಕಟ್ಟಿಸಿದ್ದು ಅನ್ನೋವರೆಗೆ ನಾನು ಸರಿಯಾಗೇ ಹೇಳಿದೆ. ಆಗ ಅವರು ಕೇಳಿದರು, 'ಭಾವ, ಈ ಕಡೆ ಮೀನಾರು ಇದೆ, ಆ ಕಡೆದು ಎಲ್ಲಿ?'

ಗೊತ್ತಿಲ್ಲ ಅನ್ನಬಹುದಿತ್ತು. ಒಂದೇ ಪದ! ನಾನು ಏನಂದೆ? 'ಕಿಲ್ಲಾರಿ ಭೂಕಂಪ. 1993. ಒಂದೇ ಏಟಿಗೆ ಹೋಯಿತು.' ಅಷ್ಟಕ್ಕೆ ನಿಲ್ಲಿಸಿದ್ದರೂ ಬದುಕಿಕೊಳ್ಳುತ್ತಿದ್ದೆ. 'ನಾನು ಚಿಕ್ಕವನಿದ್ದಾಗ ಎರಡೂ ಇದ್ದವು, ಕಣ್ಣಾರೆ ನೋಡಿದ್ದೇನೆ' ಅಂತ ಸೇರಿಸಿದೆ. ಕೈ ಬೇರೆ ಎತ್ತಿ ತೋರಿಸಿದೆ, ಇಷ್ಟೆತ್ತರ ಇತ್ತು ಅಂತ. ಪಕ್ಕದಲ್ಲಿ ನಿಂತಿದ್ದ ಯಾರೋ ಇಬ್ಬರು ನನ್ನ ಕೈ ನೋಡಿ ಆಕಾಶ ನೋಡಿದರು.

ಅವರ ಮಗಳಿಗೆ ಹತ್ತು ವರ್ಷ. ಮೊಬೈಲ್ ನೋಡುತ್ತಾ ಓದಿದಳು. ಔರಂಗಜೇಬನ ಕಾಲ, 17ನೇ ಶತಮಾನದ ಕೊನೆ, ಒಳಗೆ ಮದ್ದು ತುಂಬಿಟ್ಟಿದ್ದರು, ಅದು ಸಿಡಿದು ಬಿತ್ತು. ಆಮೇಲೆ ತಲೆ ಎತ್ತಿ, ಒಂಚೂರೂ ಕುಹಕವಿಲ್ಲದೆ, ನಿಜಕ್ಕೂ ತಿಳಿಯಬೇಕು ಅನ್ನೋ ಹಾಗೆ ಕೇಳಿದಳು: 'ದೊಡ್ಡಪ್ಪ, ನಿಮಗೆ ಎಷ್ಟು ವಯಸ್ಸು?'

ಕಿಲ್ಲಾರಿ ಭೂಕಂಪ ನಮಗೆಲ್ಲ ಎಂಥದ್ದು ಅಂತ ಆ ಮಗುವಿಗೆ ಹೇಗೆ ಹೇಳಲಿ? ಸೆಪ್ಟೆಂಬರ್ 30, ಬೆಳಗಿನ ಜಾವ, ಗಣಪತಿ ಕಳಿಸಿ ಬಂದು ಮಲಗಿದ್ದೆವು. ಪಾತ್ರೆ ಎಲ್ಲ ಸದ್ದು ಮಾಡಿದವು. ಆಮೇಲೆ ಎಷ್ಟೋ ರಾತ್ರಿ ಅಂಗಳದಲ್ಲೇ ಮಲಗಿದೆವು. ಅವತ್ತಿನಿಂದ ಎಲ್ಲಿ ಬಿದ್ದ ಗೋಡೆ ಕಂಡರೂ ನನ್ನ ತಲೆಯಲ್ಲಿ ಅದೇ ಭೂಕಂಪ. ಇದನ್ನು ಹೇಳಿದ್ದರೆ ಮರ್ಯಾದೆ ಉಳಿಯುತ್ತಿತ್ತೇನೋ. ನಾನು ಹೇಳಿದ್ದು, 'ಬಿಸಿಲು ಜಾಸ್ತಿ ಆಯಿತು, ಕಾರು ಹತ್ತೋಣ.'

ನಿನ್ನೆ ಊಟಕ್ಕೆ ಕೂತಾಗ ಓದಿದರು. 'ಏಳು. ಗೈಡ್ ಬದಲಾಯಿಸಬೇಕು. ಹಾಲಿ ಗೈಡಿಗೆ ಮುನ್ನೂರು ವರ್ಷ ದಾಟಿದೆ, ನೆನಪು ಕೈಕೊಡುತ್ತಿದೆ.' ನನ್ನ ಹೆಂಡತಿ ಕೈಯಲ್ಲಿದ್ದ ರೊಟ್ಟಿ ಬಿಟ್ಟು ನಕ್ಕಳು. ಬಿಟ್ಟು! ಅತ್ತೆಯವರಿಗೆ ಕಿವಿ ಸ್ವಲ್ಪ ಮಂದ. 'ಏನಂದ್ರು?' ಅಂತ ಕೇಳಿದರು. ಅವರಿಗೆ ಜೋರಾಗಿ ಇನ್ನೊಂದು ಸಲ ಓದಿದರು. ಪಕ್ಕದ ಮನೆಗೂ ಕೇಳಿಸಿರಬೇಕು. ಅತ್ತೆ ಯೋಚಿಸಿ, 'ಅವ್ರು ಮೊದ್ಲಿಂದಾನೂ ಹಂಗೇ' ಅಂದರು. ಹದಿನೆಂಟು ವರ್ಷದಿಂದ ಅಳಿಯನಾಗಿರುವವನಿಗೆ ಇದು ಬಹುಮಾನ.

ನಾನೂ ನಕ್ಕೆ. ಅದನ್ನೇ ಈಗ ಸಹಿಸೋಕೆ ಆಗುತ್ತಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕೆ.

ನಾವು ಬೆಂಗಳೂರಿಗೆ ಹೋದಾಗ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ನಿಂತಿದ್ದೆವು. ಪಟ್ಟಿ ಮಾಡಿದೆವಾ? 'ಪರವಾಗಿಲ್ಲ ಬಿಡ್ರಿ, ದೊಡ್ಡ ಊರು' ಅಂದೆವು. ನಮ್ಮ ಊರನ್ನು ನಾವು ಬೈಯುತ್ತೇವೆ, ದಿನಾ ಬೈಯುತ್ತೇವೆ, ಅದು ಬೇರೆ. ಮೂರು ದಿನಕ್ಕೆ ಬಂದವರು ನಗುನಗುತ್ತಾ ಬೈದರೆ ಯಾಕೆ ಇಷ್ಟು ಉರಿಯುತ್ತೆ ಅಂತ ಯಾರಾದರೂ ಹೇಳಿ.

ಇನ್ನೂ ಉರಿಯೋದು ಏನಂದರೆ ನಾಲ್ಕನೆಯದು ಸರಿಯಾಗೇ ಇತ್ತು. ಒಂದು ಜಾಗ, ಹೆಸರು ಬೇಡ, ಶೌಚಾಲಯಕ್ಕೆ ಬೀಗ. ಕೀಲಿ ಇಟ್ಟುಕೊಂಡವರು ಊಟಕ್ಕೆ ಹೋಗಿದ್ದರು. ನನ್ನ ಹೆಂಡತಿ, ಅವಳ ತಂಗಿ, ಆ ಮಗು ಮುಕ್ಕಾಲು ಗಂಟೆ ಬೇವಿನ ಮರದ ಕೆಳಗೆ ನಿಂತಿದ್ದರು. 'ಇಲ್ಲಿ ನೋಡಲೇಬೇಕಾದ ಅಪರೂಪದ ವಸ್ತು: ಶೌಚಾಲಯದ ಕೀಲಿ' ಅಂತ ಬರೆದಿದ್ದರು. ಇದಕ್ಕೆ ನಾನು ಏನನ್ನಲಿ? ಮೀನಾರು ಯಾಕೆ ಬಿತ್ತು ಅನ್ನೋದಕ್ಕಾದರೂ ಮೊಬೈಲಿನಲ್ಲಿ ಉತ್ತರ ಸಿಕ್ಕಿತು. ಆ ಕೀಲಿ ಯಾರ ಹತ್ತಿರ ಇರುತ್ತೆ? ಅವರು ಎಷ್ಟು ಹೊತ್ತು ಊಟ ಮಾಡುತ್ತಾರೆ? ಯಾರಿಗಾದರೂ ಗೊತ್ತಾ? ನಮಗೆ ಇದು ಅಭ್ಯಾಸ ಆಗಿಹೋಗಿದೆ, ಹೊರಡುವಾಗ ಮನೆಯಲ್ಲೇ ಮುಗಿಸಿ ಹೊರಡುತ್ತೇವೆ, ಕೇಳೋದನ್ನೇ ಬಿಟ್ಟಿದ್ದೇವೆ.

ಕೊನೆಯದು, ಎಂಟು: 'ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಏನೂ ಬದಲಾಯಿಸಬೇಡಿ.' ಇದನ್ನು ಓದಿ ಇನ್ನೆರಡು ರೊಟ್ಟಿ ಹಾಕಿಸಿಕೊಂಡರು. ನಾನೇ ಬಡಿಸಿದೆ.

ಈಗಷ್ಟೇ ಫೋನ್ ಬಂತು. ಕಟ್ಟಿಟ್ಟಿದ್ದ ಐದು ಕೆಜಿ ತೊಗರಿ ಬೇಳೆ ಇಲ್ಲೇ ಮರೆತರಂತೆ. ನಮ್ಮ ಬೇಳೆಗೆ ಜಿಐ, ಅಂದರೆ ಈ ಸೀಮೆಯದೇ ಅನ್ನೋ ಗುರುತು ಇದೆ, 2019ರಲ್ಲಿ ಸಿಕ್ಕಿದ್ದು, ಅದನ್ನಾದರೂ ಸರಿಯಾಗಿ ಹೇಳಿದ್ದೆ. ನಾಳೆ ಬಸ್ಸಿಗೆ ಪಾರ್ಸಲ್ ಹಾಕಬೇಕಂತೆ. ಹಾಕುತ್ತೇನೆ, ಹಾಕದೆ ಏನು ಮಾಡಲಿ. ಮನೆಯ ಡಬ್ಬಿಯದನ್ನು ಆರಿಸಿ ಇಟ್ಟಿದ್ದೆ. ಅದನ್ನು ವಾಪಸ್ ಸುರಿದುಕೊಂಡು ಚೀಲದಿಂದ ಹಾಗೇ ತುಂಬುತ್ತಿದ್ದೇನೆ. ಕಲ್ಲು ಅವರೇ ಆರಿಸಿಕೊಳ್ಳಲಿ.