ನಮ್ಮೂರ ಚರ್ಚನ್ನು ಕೆಡವುವ ಮುನ್ನ

ಮಂಡ್ಯ ಜಿಲ್ಲೆಯ ನಾಲೆ ಬಯಲಿನಲ್ಲಿರುವ ನಮ್ಮೂರ ಚರ್ಚನ್ನು ಕೆಡವಿ, ಮೈಸೂರಿನ ಸಂತ ಫಿಲೋಮಿನಾ ಚರ್ಚಿನಂತೆ ಎರಡು ಗೋಪುರವಿಟ್ಟು ಕಟ್ಟಬೇಕೆಂಬ ಮಾತು ಈ ವರ್ಷದ ಹಬ್ಬದ ಸಭೆಯಲ್ಲಿ ಮತ್ತೆ ಎದ್ದಿತು. ನಾನು ಒಪ್ಪಲಿಲ್ಲ. ಅಲ್ಲಿ ಪೂರ್ತಿ ಹೇಳಲಾಗದ ಕಾರಣಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಫಿಲೋಮಿನಾ ಚರ್ಚು, ಸುಮಾರು 175 ಅಡಿ ಎತ್ತರದ ಗೋಪುರಗಳೊಡನೆ ದೂರದಿಂದಲೇ ಕಾಣುವಂತೆ ಎದ್ದ ರಾಜಧಾನಿಯ ಕಟ್ಟಡ. ಹಳ್ಳಿಯ ಚರ್ಚಿನ ಲೆಕ್ಕವೇ ಬೇರೆ. ಒಂದು ಉದ್ದನೆಯ ಹಜಾರ, ಅದರ ತುದಿಯಲ್ಲಿ ಮೆಟ್ಟಿಲೇರಿದ ಬಲಿಪೀಠ, ಮೇಲೆ ಹೆಂಚಿನ ಮಾಡು. ಇಷ್ಟರಲ್ಲೇ ಅದು ಮುಗಿಯುತ್ತದೆ. ಜ್ಞಾನಸ್ನಾನದ ಕಲ್ಲಿನ ತೊಟ್ಟಿಯನ್ನು ಬಾಗಿಲ ಬಳಿ ಇಟ್ಟಿರುವುದು ಜಾಗ ಸಾಲದೆ ಅಲ್ಲ, ಧರ್ಮಸಭೆಯೊಳಗೆ ಬರುವ ಹೊಸಿಲು ಅದೇ ಎಂಬ ಕಾರಣಕ್ಕೆ. ಕಥೋಲಿಕ ಬಿಷಪ್ಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆಯ (1962–65) ನಂತರ ಗುರುಗಳು ಜನರತ್ತ ಮುಖ ಮಾಡಿ ಪೂಜೆ ಅರ್ಪಿಸುವ ರೂಢಿ ಬಂದಾಗ ಮುಂದೆ ಹೊಸ ಪೀಠವೊಂದನ್ನು ಇಟ್ಟರು. ಗೋಡೆಗೆ ಅಂಟಿದ ಹಳೆಯದು ಹಿಂದೆ ಹಾಗೆಯೇ ಉಳಿದಿದೆ. ಕೆಡವಿದರೆ ಈ ಎರಡು ಕಾಲಗಳ ಗುರುತೂ ಒಟ್ಟಿಗೇ ಅಳಿಯುತ್ತದೆ.

ಗೋಡೆ ಹಾಳಾಗಿದೆ ಎನ್ನುವುದು ನಿಜ. ಆದರೆ ಹಾಳು ಮಾಡಿದವರು ನಾವೇ. ಗದ್ದೆಗೆ ನಾಲೆಯ ನೀರು ಹರಿಯುವ ಈ ನೆಲದಲ್ಲಿ ಪಾಯದಿಂದ ತೇವ ಮೇಲೇರುವುದು ಸಹಜ. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಟ್ಟು ಒಣಗುತ್ತದೆ. ಹತ್ತು ವರ್ಷದ ಹಿಂದೆ, ನಾನೂ ಚಂದಾ ಕೊಟ್ಟು, ಅದರ ಮೇಲೆ ಸಿಮೆಂಟು ಬಳಿದು ಎಣ್ಣೆಬಣ್ಣ ಹೊಡೆಸಿದೆವು; ಹೊರಬರಲು ದಾರಿಯಿಲ್ಲದ ನೀರು ಇಟ್ಟಿಗೆಯಲ್ಲೇ ನಿಂತು, ಉಪ್ಪು ಒಸರಿ, ಗೋಡೆ ಪುಡಿಯಾಗುತ್ತಿದೆ.

ಹಳೆಯ ಕಟ್ಟಡ ಬಾಳುವುದಿಲ್ಲ ಎನ್ನುವವರು ಶ್ರೀರಂಗಪಟ್ಟಣದ ಗಂಜಾಮಿಗೆ ಹೋಗಿ ಬರಲಿ. ಸುಮಾರು 1800ರಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್ ಕಟ್ಟಿಸಿದ ಪುಟ್ಟ ಚರ್ಚು ಅಲ್ಲಿದೆ.

ನಮ್ಮ ಸಮಿತಿಯವರಲ್ಲಿ ನನ್ನ ಬೇಡಿಕೆ ಸಣ್ಣದು. ಹೊಸ ನಕ್ಷೆಗೆ ಹಣ ಎತ್ತುವ ಮೊದಲು, ಬಡಗಣ ಗೋಡೆಯ ಕೆಳಗಿನ ಮೂರಡಿಯಷ್ಟು ಸಿಮೆಂಟನ್ನು ಕೆತ್ತಿಸಿ, ಒಂದು ಬೇಸಿಗೆ ಒಣಗಲು ಬಿಟ್ಟು, ಗಾರೆ ಕೆಲಸ ಬಲ್ಲ ಒಬ್ಬ ಮೇಸ್ತ್ರಿಯನ್ನು ಕರೆಸಿ ತೋರಿಸಿ.