ಕೆನಡಾದಲ್ಲಿ ಹೂಡಿಕೆ: ಯಾವ ಷೇರು ಅಂತ ಕೇಳುವ ಮೊದಲು

ಟೊರೊಂಟೊ ಕಡೆಗೆ ಹೊಸದಾಗಿ ಬಂದ ನಮ್ಮವರು ಕೆಲಸ, ಮನೆ ಒಂದು ಹದಕ್ಕೆ ಬಂದ ಮೇಲೆ ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: "ದುಡ್ಡು ಎಲ್ಲಿ ಹಾಕೋದು, ಯಾವ ಷೇರು ಒಳ್ಳೇದು?" ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಯಾವ ಖಾತೆಯಲ್ಲಿ ಹಾಕುತ್ತೀರಿ, ವರ್ಷಕ್ಕೆ ಎಷ್ಟು ಶುಲ್ಕ ತೆರುತ್ತೀರಿ? ಮೊದಲು ಇವೆರಡು ಗೊತ್ತಾಗಲಿ.

ಊರಲ್ಲಿ ನಾವು ದುಡ್ಡು ಹಾಕುತ್ತಿದ್ದದ್ದು ಮನುಷ್ಯರನ್ನು ನೋಡಿ. ಎಲ್‌ಐಸಿ ಪಾಲಿಸಿ ಮಾಡಿಸಿದವರು ಅಪ್ಪನ ಸ್ನೇಹಿತರು, ಚೀಟಿ ನಡೆಸುವವರು ಪಕ್ಕದ ಬೀದಿಯವರು, ಚಿನ್ನಕ್ಕೆ ಪರಿಚಯದ ಅಂಗಡಿ. ಅದರ ಜೊತೆ ಒಂದು ಶಿಸ್ತೂ ಇತ್ತು. ಬೇರೆ ಖರ್ಚು ನಿಂತರೂ ಚೀಟಿ ಕಂತು ನಿಲ್ಲುತ್ತಿರಲಿಲ್ಲ. ಆ ಶಿಸ್ತನ್ನು ದಯವಿಟ್ಟು ಇಲ್ಲಿಗೂ ತನ್ನಿ. ಮುಖ ನೋಡಿ ಸಹಿ ಹಾಕುವ ರೂಢಿಯನ್ನು ಮಾತ್ರ ಬಿಡಿ.

ಖಾತೆ ವಿಷಯಕ್ಕೆ ಬರೋಣ. ನಮ್ಮ ಪಿಪಿಎಫ್‌ನಲ್ಲಿ ಬಡ್ಡಿಯನ್ನು ಸರ್ಕಾರವೇ ಗೊತ್ತುಮಾಡುತ್ತದೆ, ನಾವು ಕಟ್ಟಿ ಸುಮ್ಮನಿದ್ದರೆ ಸಾಕು. 2009ರಲ್ಲಿ ಇಲ್ಲಿ ಶುರುವಾದ ಟಿಎಫ್‌ಎಸ್‌ಎ, ಅಂದರೆ ತೆರಿಗೆ ಇಲ್ಲದ ಉಳಿತಾಯ ಖಾತೆ, ಹಾಗಲ್ಲ. ಅದು ಬರೀ ಡಬ್ಬ. ಒಳಗೆ ಜಿಐಸಿ (ನಮ್ಮ ಎಫ್‌ಡಿಯಂಥದ್ದು), ಮ್ಯೂಚುವಲ್ ಫಂಡ್, ಇಟಿಎಫ್ (ಷೇರಿನಂತೆ ಪೇಟೆಯಲ್ಲಿ ಕೊಳ್ಳುವ ಫಂಡ್), ಏನು ಹಾಕಬೇಕು ಅನ್ನೋದು ನಮಗೆ ಬಿಟ್ಟದ್ದು. ಒಳಗೆ ಬೆಳೆದದ್ದಕ್ಕೂ ತೆಗೆದದ್ದಕ್ಕೂ ಕೆನಡಾದಲ್ಲಿ ತೆರಿಗೆ ಇಲ್ಲ. ನಿವೃತ್ತಿಗಾಗಿ ಇರುವ ಆರ್‌ಆರ್‌ಎಸ್‌ಪಿ ಖಾತೆಯಲ್ಲಿ ಈಗ ತೆರಿಗೆ ಉಳಿಯುತ್ತದೆ, ತೆಗೆಯುವಾಗ ಕಟ್ಟಬೇಕು. ಮೊದಲ ಮನೆ ಕೊಳ್ಳುವವರಿಗೆ 2023ರಿಂದ ಎಫ್‌ಎಚ್‌ಎಸ್‌ಎ ಖಾತೆ ಇದೆ: ವರ್ಷಕ್ಕೆ 8,000 ಡಾಲರ್, ಒಟ್ಟು 40,000 ಹಾಕಬಹುದು.

ಹೊಸಬರು ಎಡವುವುದು ಟಿಎಫ್‌ಎಸ್‌ಎಗೆ ಎಷ್ಟು ಹಾಕಬಹುದು ಅನ್ನೋ ಮಿತಿಯಲ್ಲಿ. ಅದು ವರ್ಷ ವರ್ಷ ಕೂಡುತ್ತಾ ಹೋಗುತ್ತದೆ. 2009ರಿಂದ ಇಲ್ಲೇ ಇದ್ದ ಸಹೋದ್ಯೋಗಿಗೆ ಲಕ್ಷ ಡಾಲರ್ ದಾಟಿದ ಮಿತಿ ಇರಬಹುದು. ನಿಮ್ಮ ಲೆಕ್ಕ ಶುರುವಾಗುವುದು ನೀವು ಇಲ್ಲಿನ ನಿವಾಸಿಯಾದ ವರ್ಷದಿಂದ. 2024ರಲ್ಲಿ ಬಂದಿದ್ದರೆ ಆ ವರ್ಷಕ್ಕೆ 7,000 ಮಾತ್ರ. ಜಾಸ್ತಿ ಹಾಕಿದರೆ, ಹೆಚ್ಚಾದ ಮೊತ್ತದ ಮೇಲೆ ತಿಂಗಳಿಗೆ ಶೇ. 1 ದಂಡ. ಇನ್ನೊಂದು ಮಾತು: ಅನಿವಾಸಿಗಳು ಊರಿನ ಬ್ಯಾಂಕಿನಲ್ಲಿಡುವ ಎನ್‌ಆರ್‌ಇ ಎಫ್‌ಡಿ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ ಅಂತ ನಿಶ್ಚಿಂತೆಯಿಂದ ಇರುವವರು ಬಹಳ. ಕೆನಡಾದ ನಿವಾಸಿಗೆ ಅದು ಇಲ್ಲಿ ತೋರಿಸಲೇಬೇಕಾದ ಆದಾಯ.

ಇನ್ನು ಶುಲ್ಕ. ಇಲ್ಲಿ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಭಾರತದಲ್ಲಿ 2013ರ ಜನವರಿಯಿಂದ ಪ್ರತಿ ಮ್ಯೂಚುವಲ್ ಫಂಡ್‌ಗೂ ಏಜೆಂಟರ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ ಇದೆ. ಅದನ್ನು ಬಳಸಿ ಗೊತ್ತಿದ್ದವರೇ ಇಲ್ಲಿ ಬ್ಯಾಂಕಿನ ಸಲಹೆಗಾರರ ಮೇಜಿನ ಮುಂದೆ ಕೂತು, ವರ್ಷಕ್ಕೆ ಶೇ. 2ರ ಆಸುಪಾಸಿನ ಶುಲ್ಕದ ಫಂಡ್‌ಗೆ ತಲೆಯಾಡಿಸಿ ಬರುತ್ತಾರೆ. ಅವರು ಕೊಡುವ ಫಂಡ್ ಫ್ಯಾಕ್ಟ್ಸ್ ಅನ್ನೋ ಕಾಗದ ಕೆಲವೇ ಪುಟದ್ದು. ಮೊದಲ ಪುಟದಲ್ಲೇ ಎಂಇಆರ್, ಅಂದರೆ ವರ್ಷದ ಶುಲ್ಕ ಶೇಕಡಾ ಎಷ್ಟು ಅನ್ನೋದು, ಇರುತ್ತದೆ. ಮುಂದೆ ವೆಚ್ಚದ ಭಾಗದಲ್ಲಿ, ಪ್ರತಿ 1,000 ಡಾಲರಿಗೆ ವರ್ಷಕ್ಕೆ ಎಷ್ಟು ಡಾಲರ್ ಹೋಗುತ್ತದೆ ಅಂತಲೂ ಬರೆದಿರುತ್ತದೆ. ಆ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿ.

ಲೆಕ್ಕ ಹಾಕಿ ನೋಡಿ. ತಿಂಗಳಿಗೆ 500 ಡಾಲರ್, 25 ವರ್ಷ. ಶುಲ್ಕಕ್ಕೆ ಮೊದಲು ಶೇ. 6 ಬೆಳವಣಿಗೆ ಅಂತಿಟ್ಟುಕೊಳ್ಳಿ. ಶುಲ್ಕ ಶೇ. 2 ಆದರೆ ಕೈಗೆ ಬರುವುದು ಸುಮಾರು 2,57,000. ಶೇ. 0.2 ಆದರೆ ಸುಮಾರು 3,36,000. ನೀವು ಕಟ್ಟಿದ್ದೇ 1,50,000, ಅದರ ಅರ್ಧಕ್ಕಿಂತ ಜಾಸ್ತಿ ಶುಲ್ಕದ ವ್ಯತ್ಯಾಸದಲ್ಲೇ ಹೋಯಿತು, ಅಲ್ವಾ? ಜಗತ್ತಿನಾದ್ಯಂತದ ಷೇರುಗಳನ್ನು ಒಂದರಲ್ಲೇ ಸೇರಿಸಿದ ವಿಇಕ್ಯೂಟಿ, ಎಕ್ಸ್‌ಇಕ್ಯೂಟಿಯಂಥ ಇಟಿಎಫ್‌ಗಳ ಶುಲ್ಕ ಶೇ. 0.2ರ ಆಸುಪಾಸು. ನಿಮ್ಮದೇ ಬ್ರೋಕರೇಜ್ ಖಾತೆ ತೆರೆದು ನೀವೇ ಕೊಳ್ಳಬಹುದು.

ಹಾಗಂತ ಎಲ್ಲವನ್ನೂ ಅಲ್ಲಿ ಹಾಕಬಾರದು. 2020ರ ಫೆಬ್ರವರಿ, ಮಾರ್ಚ್‌ನಲ್ಲಿ ಟೊರೊಂಟೊ ಷೇರುಪೇಟೆಯ ಸೂಚ್ಯಂಕ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕುಸಿದಿತ್ತು. ಎರಡು, ಮೂರು ವರ್ಷದಲ್ಲಿ ಬೇಕಾಗುವ ದುಡ್ಡು ಜಿಐಸಿಯಲ್ಲೇ ಇರಲಿ.

ಇಲ್ಲಿನ ಕನ್ನಡ ಸಂಘಗಳಿಗೆ ನನ್ನದೊಂದು ಕೋರಿಕೆ. ಆರ್‌ಆರ್‌ಎಸ್‌ಪಿ ಗಡುವು ಮಾರ್ಚ್ ಮೊದಲ ದಿನಗಳ ಹೊತ್ತಿಗೆ ಬರುತ್ತದೆ. ಅದಕ್ಕೆ ಮುಂಚೆ ಸಂಕ್ರಾಂತಿ ಕಾರ್ಯಕ್ರಮದಲ್ಲಿ ಎಳ್ಳು ಬೆಲ್ಲದ ಜೊತೆ ಅರ್ಧ ಗಂಟೆ ಇದಕ್ಕೂ ಕೊಡಿ. ಷರತ್ತು ಒಂದೇ: ಮಾತಾಡುವವರು ಪಾಲಿಸಿಯನ್ನೋ ಫಂಡನ್ನೋ ಮಾರುವವರಾಗಿರಬಾರದು.