ಬಿ ಖಾತಾ ಕಂಪ್ಯೂಟರ್

ನಮ್ಮ ಮನೆ ಬಿ ಖಾತಾ, ಅಂದರೆ ತೆರಿಗೆ ಲೆಕ್ಕಕ್ಕೆ ಉಂಟು, ಸಕ್ರಮದ ಲೆಕ್ಕಕ್ಕೆ ಇಲ್ಲ. ಗೋಡೆ ಇದೆ, ಛಾವಣಿ ಇದೆ, ಮಳೆಗೆ ಸೋರಲ್ಲ, ವರ್ಷಾ ವರ್ಷ ತೆರಿಗೆ ಕಟ್ಟುತ್ತೇವೆ. ಆದರೂ ಸಾಲಕ್ಕೆಂದು ಬ್ಯಾಂಕಿನವರ ಮುಂದೆ ಕಾಗದ ಇಟ್ಟರೆ, ಆ ಜಾಗದಲ್ಲಿ ಮನೆಯೇ ಇಲ್ಲವೇನೋ ಎಂಬಂತೆ ಮುಖ ಮಾಡುತ್ತಾರೆ. ಇದಕ್ಕೆ ಒಗ್ಗಿಹೋಗಿದ್ದೆವು. ಈಗ ಮೂಲೆಯ ಕಂಪ್ಯೂಟರ್ ಕೂಡ ಬಿ ಖಾತಾ ಆಗಿದೆ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ನಿಂತಿತು, 11ಕ್ಕೆ ಹೋಗಿ ಅಂದರು. ಹೋಗೋಣ ಅಂತ ತಪಾಸಣೆ ಮಾಡಿಸಿದರೆ ನನ್ನದು ಅರ್ಹವಲ್ಲವಂತೆ. ಚೆನ್ನಾಗಿ ಓಡುತ್ತಿರುವ ಯಂತ್ರ. ತಗೊಂಡಿದ್ದು 2017ರಲ್ಲಿ, ಇಂಟೆಲ್‌ನ ಏಳನೇ ಜನರೇಷನ್ ಪ್ರೊಸೆಸರ್. ಅಕ್ರಮ-ಸಕ್ರಮಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟ ವರ್ಷವೂ ಅದೇ. ಗ್ರಹಚಾರ ಒಂದೇ ಸಲ ವಕ್ಕರಿಸಿದ್ದು ಅಂತ ಈಗ ಗೊತ್ತಾಗುತ್ತಿದೆ.

ಮೊದಲ ಆಕ್ಷೇಪಣೆ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲ. ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್, ಅಂದರೆ ಬಯಾಸ್‌ಗೆ ಹೋಗಿ ನೋಡಿದರೆ ಅದು ಪಿಟಿಟಿ ಎಂಬ ಹೆಸರಿನಲ್ಲಿ ಮೊದಲಿಂದಲೂ ಒಳಗೇ ಕೂತಿದೆ, ಆಫ್ ಆಗಿದೆ ಅಷ್ಟೆ. ಆನ್ ಮಾಡಿದೆ. ಇ-ಖಾತಾ ಕೈಗೆ ಬಂದಷ್ಟು ಖುಷಿ. ಮತ್ತೆ ತಪಾಸಣೆ, ಮತ್ತೆ ಆಕ್ಷೇಪಣೆ: ಪ್ರೊಸೆಸರ್ ಪಟ್ಟಿಯಲ್ಲಿಲ್ಲ, ಎಂಟನೇ ಜನರೇಷನ್ ಬೇಕು. ಏಳರಲ್ಲಿ ಯಾರೂ ಪಾಸಾಗಿಲ್ಲವಾ ಅಂತ ಪಟ್ಟಿ ಜಾಲಾಡಿದೆ. ಬೆರಳೆಣಿಕೆಯಷ್ಟು ಪುಣ್ಯವಂತರಿದ್ದಾರೆ. ಅವರಲ್ಲಿ 7820ಎಚ್‌ಕ್ಯೂ ಎಂಬಾತ, ವಿಂಡೋಸ್ ಮಾಡುವವರೇ ಮಾರಿದ ದುಬಾರಿ ಸರ್ಫೇಸ್ ಸ್ಟುಡಿಯೊ 2ರ ಒಳಗೆ ಕೂತವನು. ರಾಜಕಾಲುವೆ ಮೇಲಿನ ಕೆಲವು ಮನೆಗಳ ಮುಂದೆ ಬಂದಾಗ ಜೆಸಿಬಿಗೆ ಡೀಸೆಲ್ ಮುಗಿಯುತ್ತದಲ್ಲ, ಹಾಗೆ.

ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಪೇಟೆ ಎಸ್.ಪಿ. ರೋಡಿಗೆ ಹೋಗಿ ಎಂಟನೇ ಜನರೇಷನ್ನಿನ ಸೆಕೆಂಡ್ ಹ್ಯಾಂಡ್ ಚಿಪ್ ತಂದೆ. ಅದರ ಸಾಕೆಟ್ 1151, ನನ್ನ ಮದರ್‌ಬೋರ್ಡಿನದೂ 1151. ಇನ್ನೇನು ಬೇಕು? ರಾತ್ರಿ ಊಟ ಮುಗಿಸಿ ಕ್ಯಾಬಿನೆಟ್ ಬಿಚ್ಚಿದೆ. ಫ್ಯಾನ್ ಮೇಲೆ ಮೆಟ್ರೊ ಕಾಮಗಾರಿಯ ಇಡೀ ಇತಿಹಾಸ ಕೂತಿತ್ತು. ಒಣಗಿದ ಹಳೇ ಪೇಸ್ಟ್ ಒರೆಸಿ, ಸಣ್ಣ ಲಿವರ್ ಎತ್ತಿ, ಚಿಪ್ಪಿನ ಮೂಲೆಯ ಚಿನ್ನದ ತ್ರಿಕೋನವನ್ನು ಸಾಕೆಟ್ಟಿನ ಗುರುತಿಗೆ ಸೇರಿಸಿ ಇಟ್ಟೆ. ಒತ್ತುವುದೇ ಬೇಕಾಗಲಿಲ್ಲ, ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಮೇಲೆ ತೊಗರಿಕಾಳಿನಷ್ಟು ಥರ್ಮಲ್ ಪೇಸ್ಟ್. ಸ್ವಿಚ್ ಒತ್ತಿದೆ. ಲೈಟ್ ಬಂತು, ಫ್ಯಾನ್ ತಿರುಗಿತು, ಪರದೆ ಮಾತ್ರ ಕಗ್ಗತ್ತಲು.

“ಏನ್ರೀ, ಸರಿಹೋಯ್ತಾ?” ಅಂದಳು ಇವಳು.

“ಗಾಳಿ ಬರ್ತಿದೆ” ಅಂದೆ.

ಮಾರನೇ ದಿನ ಅಂಗಡಿಯ ಹುಡುಗ ನಕ್ಕ. “ಸಾರ್, ಸೈಟ್ ಅಳತೆ ಒಂದೇ, ಲೇಔಟ್ ಬೇರೆ. ನಿಮ್ದು 200 ಸೀರೀಸ್ ಬೋರ್ಡು, ಇದಕ್ಕೆ 300 ಬೇಕು.” ಪಿನ್ ಅಷ್ಟೇ ಇದ್ದರೂ ಕರೆಂಟ್ ಹಂಚಿಕೆ ಬದಲಾಗಿದೆ ಅನ್ನುವುದು ತಯಾರಕರ ಸಮಜಾಯಿಷಿ. ಪಿನ್ನಿಗೆ ಟೇಪ್ ಅಂಟಿಸಿ, ಬಯಾಸ್ ತಿದ್ದಿ ಹಳೇ ಬೋರ್ಡಿನಲ್ಲೇ ಓಡಿಸಿ ತೋರಿಸಿದ ಹವ್ಯಾಸಿಗಳೂ ಇದ್ದಾರೆ. ಎಲ್ಲ ಕಚೇರಿಯ ಹೊರಗೂ ಒಬ್ಬ ಏಜೆಂಟ್ ಇರುತ್ತಾನಲ್ಲ.

“ಹೊಸ ಬೋರ್ಡೇ ಹಾಕ್ಬಿಡಿ ಸಾರ್. ಅದಕ್ಕೆ ಡಿಡಿಆರ್5 ರ‍್ಯಾಮ್ ಬೇಕು.”

ನನ್ನ ಡಿಡಿಆರ್4ಗೂ 288 ಪಿನ್, 5ಕ್ಕೂ 288. ಮಧ್ಯದ ಕಚ್ಚು ಮಾತ್ರ ಒಂಚೂರು ಆಚೆ ಸರಿದಿದೆ. ರೇಟ್ ಕೇಳಿ ಸ್ಟೂಲ್ ಮೇಲೆ ಕೂತೆ. ಎಐ ಡೇಟಾ ಸೆಂಟರುಗಳು ಮೆಮೊರಿಯನ್ನೆಲ್ಲ ಹೀರಿಕೊಳ್ಳುತ್ತಿವೆ. ಬೇಸಿಗೆಯಲ್ಲಿ ದೊಡ್ಡ ಅಪಾರ್ಟ್‌ಮೆಂಟಿನವರು ಟ್ಯಾಂಕರುಗಳನ್ನೆಲ್ಲ ಬುಕ್ ಮಾಡಿಕೊಂಡಾಗ ನಮ್ಮ ಬೀದಿಗೆ ಆಗುವ ಗತಿಯೇ ಇದು. ಆಮೇಲೆ ಕರೆಂಟ್ ಕೊಡುವ ಡಬ್ಬ ಎಸ್‌ಎಂಪಿಎಸ್ ಸಾಲಲ್ಲ ಅಂದ. ಕ್ಯಾಬಿನೆಟ್ಟಿಗೆ ಗಾಳಿ ಸಾಲಲ್ಲ ಅಂದ.

“ಹಳೇದ್ರಲ್ಲಿ ಏನಪ್ಪಾ ಉಳಿಯೋದು?”

“ಮೌಸ್ ಉಳಿಯುತ್ತೆ ಸಾರ್.” ಸ್ವಲ್ಪ ಯೋಚಿಸಿ ಕೇಳಿದ, “ಯುಎಸ್‌ಬಿ ತಾನೆ?”

ಇನ್ನೊಂದು ದಾರಿಯೂ ಇದೆ. 30 ಡಾಲರ್ ಕಟ್ಟಿದರೆ 2026ರ ಅಕ್ಟೋಬರ್‌ವರೆಗೆ ಹಳೇ ವಿಂಡೋಸಿಗೇ ಭದ್ರತಾ ಅಪ್‌ಡೇಟ್ ಕೊಡುತ್ತಾರೆ. ಅಂದರೆ ದಂಡ ಕಟ್ಟಿದವರ ಮನೆ ಒಂದು ವರ್ಷ ಒಡೆಯಲ್ಲ, ಖಾತಾ ಮಾತ್ರ ಬಿ-ನೇ. ದುಡ್ಡು ಬೇಡವೆಂದರೆ ಮೈಕ್ರೋಸಾಫ್ಟ್‌ನವರ ಅಕೌಂಟಿಗೆ ಲಾಗಿನ್ ಆಗಿ ನಮ್ಮ ಸೆಟ್ಟಿಂಗ್ ಎಲ್ಲ ಅವರ ಬಳಿ ಇಟ್ಟರೂ ನಡೆಯುತ್ತದೆ.

ಚಿಪ್ ವಾಪಸ್ ಕೊಟ್ಟೆ. 500 ರೂಪಾಯಿ ಮುರಿದುಕೊಂಡ. ಹಳೇ ಚಿಪ್ಪನ್ನೇ ಮತ್ತೆ ಕೂರಿಸಿದೆ. ಏನೂ ಆಗಿಲ್ಲವೆಂಬಂತೆ ಪರದೆ ಬೆಳಗಿತು. ಏಪ್ರಿಲ್ ಮುಗಿಯುವುದರೊಳಗೆ ಕಟ್ಟಿದರೆ ಶೇ 5 ರಿಯಾಯಿತಿ ಅಂತ ಇವಳು ನೆನಪಿಸಿದಳು. ಬಿ ಖಾತಾ ಮನೆಯ ತೆರಿಗೆಯನ್ನು ಬಿ ಖಾತಾ ಕಂಪ್ಯೂಟರಿನಲ್ಲಿ ಕೂತು ಕಟ್ಟಿದೆ. ಪೋರ್ಟಲ್ ಒಂದೇ ಏಟಿಗೆ ತಗೊಂಡಿತು, ಆಕ್ಷೇಪಣೆ ಏನೂ ಬರಲಿಲ್ಲ.